ಫೆಬ್ರವರಿ ಗಡುವಿಗೆ ಮೊದಲು ಡಲ್ಲಾಸ್ ತಂಡ ಆಂಥನಿ ಡೇವಿಸ್ ಅವರನ್ನು ಬಿಟ್ಟುಕೊಡಬೇಕೇ?

ಪ್ಲೇನೋ ಪ್ರೇಕ್ಷಕ, 18 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಟಗಾರರ ಟ್ರೇಡ್‌ಗೆ, ಅಂದರೆ ತಂಡಗಳ ನಡುವಿನ ವಿನಿಮಯಕ್ಕೆ, ಈ ಋತುವಿನ ಗಡುವು ಫೆಬ್ರವರಿ 5. ಬೇಸಿಗೆಯಲ್ಲಿ ಹೊಸ ಕರಾರಿಗೆ ಸಹಿ ಹಾಕಿದವರಲ್ಲಿ ಬಹುಪಾಲು ಆಟಗಾರರನ್ನು ಡಿಸೆಂಬರ್ 15ರ ನಂತರವೇ ಟ್ರೇಡ್ ಮಾಡಲು ಬರುವುದರಿಂದ, ತಂಡಗಳ ನಡುವಿನ ಮಾತುಕತೆಗೆ ನಿಜವಾದ ಕಾವು ಏರುವುದು ಈ ವಾರದಿಂದಲೇ. ಡಲ್ಲಾಸ್ ಮ್ಯಾವರಿಕ್ಸ್ ಬೆಂಬಲಿಗನಾದ ನನ್ನದು ಒಂದೇ ಪ್ರಶ್ನೆ: ಆಂಥನಿ ಡೇವಿಸ್ ಅವರನ್ನು ಈ ಗಡುವಿನೊಳಗೆ ಬಿಟ್ಟುಕೊಡುವುದು ಸರಿಯೇ, ಅಥವಾ ಬೇಸಿಗೆಯವರೆಗೆ ಕಾಯುವುದು ಲೇಸೇ?

ಈ ಆಟವನ್ನು ಹೊಸದಾಗಿ ನೋಡುತ್ತಿರುವವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಈ ವರ್ಷದ ಫೆಬ್ರವರಿ ಮೊದಲ ವಾರದಲ್ಲಿ, ಇನ್ನೂ 25 ವರ್ಷದ ಲೂಕಾ ಡೊಂಚಿಚ್ ಅವರನ್ನು ನಮ್ಮ ತಂಡ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು, ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಹಾಗೂ ಲೇಕರ್ಸ್‌ನ 2029ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ; ಹೆಚ್ಚು ಸೋತ ತಂಡಕ್ಕೆ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು) ಪಡೆಯಿತು. ಅದಕ್ಕೆ ಎಂಟು ತಿಂಗಳ ಹಿಂದಷ್ಟೇ ಇದೇ ಲೂಕಾ ತಂಡವನ್ನು ಫೈನಲ್‌ವರೆಗೆ ಒಯ್ದಿದ್ದರು. ಡೇವಿಸ್ ಡಲ್ಲಾಸ್ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿ, ಹ್ಯೂಸ್ಟನ್ ವಿರುದ್ಧ, 26 ಅಂಕ, 16 ರೀಬೌಂಡ್, 7 ಅಸಿಸ್ಟ್ ಗಳಿಸಿ ಮೂರನೆಯ ಕ್ವಾರ್ಟರ್ ಮುಗಿಯುವ ಮೊದಲೇ ತೊಡೆಸಂದಿನ ಸ್ನಾಯು ಹಿಡಿದುಕೊಂಡು ಹೊರನಡೆದರು. ಮತ್ತೆ ಅಂಗಳಕ್ಕೆ ಇಳಿಯಲು ಆರು ವಾರಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಮಾರ್ಚ್ 3ರಂದು ನಮ್ಮ ಇನ್ನೊಬ್ಬ ತಾರೆ ಕೈರಿ ಇರ್ವಿಂಗ್ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡಿದ್ದರು. ಆ ಹರಿದ ಮಂಡಿಯಲ್ಲೇ ನಿಂತು ಎರಡೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿ ಅವರು ಹೊರಗೆ ಹೋದದ್ದನ್ನು ಇಲ್ಲಿನ ಪ್ರೇಕ್ಷಕರು ಮರೆತಿಲ್ಲ. ಕೊನೆಗೆ ಡ್ರಾಫ್ಟ್‌ನ ಮೊದಲ ಸರದಿಗಾಗಿ ನಡೆಯುವ, ನಮಗೆ ಶೇಕಡಾ 1.8ರಷ್ಟೇ ಸಾಧ್ಯತೆಯಿದ್ದ ಲಾಟರಿ ಗೆದ್ದು ಕೂಪರ್ ಫ್ಲಾಗ್ ಎಂಬ ಹುಡುಗ ನಮ್ಮ ಪಾಲಿಗೆ ಬಂದ. ಆ ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಅವರನ್ನು ನವೆಂಬರ್ 11ರಂದು ತೆಗೆದುಹಾಕಲಾಗಿದೆ.

ಡೇವಿಸ್ ಅವರಿಗೆ ಈಗ 32 ವರ್ಷ. ಈ ಋತುವಿನ ಆರಂಭದಲ್ಲೂ ಮೀನಖಂಡದ ಗಾಯದಿಂದ ಸುಮಾರು ಒಂದು ತಿಂಗಳು ಆಡಲಿಲ್ಲ. ಸಂಬಳ ಈ ವರ್ಷ 5.4 ಕೋಟಿ ಡಾಲರ್. ಕರಾರು ಇನ್ನೂ ಇದೆ. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ನಿಮ್ಮ ಅಭಿಪ್ರಾಯವೇನು? ಲೂಕಾ ಅವರನ್ನು ಕಳೆದುಕೊಂಡ ದುಃಖವನ್ನು ಈ ಚರ್ಚೆಯಲ್ಲಿ ಮತ್ತೆ ತೋಡಿಕೊಳ್ಳುವುದು ಬೇಡವೆಂದು ವಿನಂತಿ. ಅದಕ್ಕೆ ಬೇರೆ ಕಡೆ ಸಾಕಷ್ಟು ಜಾಗವಿದೆ.


ಬೆಳಗಿನ ಏಳರ ಆಟ (ಬೆಂಗಳೂರು), 18 ಡಿಸೆಂಬರ್ 2025

ಕೊಡಲೇಬೇಕು, ಅದೂ ಈ ಗಡುವಿನೊಳಗೇ ಕೊಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಕಾರಣ ಡೇವಿಸ್ ಅವರ ಆಟಕ್ಕಿಂತ ಹೆಚ್ಚಾಗಿ ಡಲ್ಲಾಸ್ ತಂಡದ ಬರಿದಾದ ಬೊಕ್ಕಸ.

ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಸ್ವಲ್ಪ ಎಣಿಸಿ ನೋಡಿ. 2027ರ ಪಿಕ್ ಮೊದಲೆರಡು ಸ್ಥಾನಗಳಲ್ಲಿ ಬಾರದಿದ್ದರೆ ಷಾರ್ಲಟ್ ತಂಡಕ್ಕೆ ಸೇರುತ್ತದೆ, ಅದು ಪಿ. ಜೆ. ವಾಷಿಂಗ್ಟನ್ ಅವರನ್ನು ತರಲು ಕೊಟ್ಟ ಬೆಲೆ. 2028ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು ಓಕ್ಲಹೋಮಾ ಸಿಟಿಯ ಕೈಯಲ್ಲಿದೆ. 2029ರದು ಇರ್ವಿಂಗ್ ಅವರಿಗಾಗಿ ಹೋಯಿತು. 2030ರಲ್ಲಿ ಮತ್ತೆ ಅದಲುಬದಲಿನ ಹಕ್ಕು, ಈ ಬಾರಿ ಸ್ಯಾನ್ ಆಂಟೋನಿಯೊ ಪಾಲಿಗೆ. ಅಂದರೆ ಫ್ಲಾಗ್ ಬೆಳೆದು ದೊಡ್ಡವನಾಗುವ ಅಷ್ಟೂ ವರ್ಷಗಳಲ್ಲಿ ಡಲ್ಲಾಸ್ ತನ್ನ ಸೋಲಿನಿಂದ ತಾನೇ ಲಾಭ ಪಡೆಯುವಂತಿಲ್ಲ. ಸೋತರೆ ಲಾಭ ಬೇರೆಯವರಿಗೆ. 2030ರವರೆಗೆ ತನ್ನ ಪಿಕ್ ಪೂರ್ತಿಯಾಗಿ ತನ್ನದೇ ಕೈಯಲ್ಲಿರುವುದು 2026ರಲ್ಲಿ ಮಾತ್ರ. ಅದೂ ಡ್ಯಾರಿನ್ ಪೀಟರ್ಸನ್, ಎ. ಜೆ. ಡಿಬಾಂಟ್ಸಾ, ಕ್ಯಾಮರನ್ ಬೂಜರ್‌ರಂಥ ಭಾರಿ ನಿರೀಕ್ಷೆಯ ಹುಡುಗರು ಇರುವ ಡ್ರಾಫ್ಟ್. ಇಂಥ ವರ್ಷದಲ್ಲಿ ಡೇವಿಸ್ ಅವರನ್ನು ಇಟ್ಟುಕೊಂಡು ಹತ್ತನೆಯ ಸ್ಥಾನಕ್ಕೆ ತೆವಳುತ್ತಾ ಹೋಗಿ, ಪ್ಲೇಆಫ್‌ಗೆ ಅರ್ಹತೆ ನಿರ್ಧರಿಸುವ ಪ್ಲೇ-ಇನ್ ಪಂದ್ಯದಲ್ಲಿ ಸೋತು ಬಂದರೆ ಏನು ಸಿಕ್ಕಂತಾಯಿತು?

ಎರಡನೆಯದಾಗಿ, ಕಾದರೆ ಬೆಲೆ ಏರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಳೆದ ಫೆಬ್ರವರಿಯಲ್ಲಿ ಫೀನಿಕ್ಸ್ ತಂಡದವರು ಕೆವಿನ್ ಡ್ಯುರಾಂಟ್ ಅವರ ವಿಚಾರದಲ್ಲಿ ಮಾತುಕತೆ ನಡೆಸಿಯೂ ಗಡುವು ದಾಟಿಸಿದರು. ಜೂನ್‌ನಲ್ಲಿ ಹ್ಯೂಸ್ಟನ್‌ಗೆ ಕೊಟ್ಟಾಗ ಅವರಿಗೆ ದಕ್ಕಿದ್ದು ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್, ಹತ್ತನೆಯ ಸ್ಥಾನದ ಒಂದೇ ಒಂದು ಮೊದಲ ಸುತ್ತಿನ ಪಿಕ್, ಉಳಿದದ್ದೆಲ್ಲ ಎರಡನೆಯ ಸುತ್ತಿನವು. ಡ್ಯುರಾಂಟ್‌ರಂಥ ಆಟಗಾರನಿಗೇ ಅಷ್ಟಾದರೆ, ಪದೇ ಪದೇ ಗಾಯಗೊಳ್ಳುವ ಡೇವಿಸ್ ಅವರಿಗೆ ಆಗಸ್ಟ್‌ನಲ್ಲಿ ಯಾರು ಹೆಚ್ಚು ಕೊಟ್ಟಾರು? ಆಗಸ್ಟ್‌ನಲ್ಲಿ ಅವರು ಕರಾರು ವಿಸ್ತರಣೆಗೂ ಅರ್ಹರಾಗುತ್ತಾರೆ. ಕೊಳ್ಳುವವರು ಆ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.


ಹಳೆಯ ಪಾಯಿಂಟ್ ಗಾರ್ಡ್ (ಮೈಸೂರು), 19 ಡಿಸೆಂಬರ್ 2025

ಬೆಂಗಳೂರಿನ ಗೆಳೆಯರು ಪಿಕ್‌ಗಳ ವಿಷಯದಲ್ಲಿ ಹೇಳಿದ್ದೆಲ್ಲ ಸರಿ. ಆದರೆ ಅದರಿಂದ ಅವರು ಹೊರಡಿಸಿದ ತೀರ್ಮಾನವನ್ನು ನಾನು ಒಪ್ಪಲಾರೆ. ಕೊಡಬೇಕೇ ಎಂಬ ಪ್ರಶ್ನೆಗಿಂತ ಮೊದಲು, ಅವಸರದಲ್ಲಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಬೇರೆ ಯಾವ ತಂಡಕ್ಕಿಂತಲೂ ಡಲ್ಲಾಸ್ ಚೆನ್ನಾಗಿ ಬಲ್ಲದು.

ಪ್ರಶ್ನೆ ಕೇಳಿದವರು ಲೂಕಾ ಅವರ ದುಃಖ ಬೇಡವೆಂದಿದ್ದಾರೆ. ದುಃಖ ಬೇಡ, ಆದರೆ ಆ ವ್ಯವಹಾರದ ರೀತಿಯನ್ನು ನೋಡದೆ ಮುಂದೆ ಹೋಗುವಂತಿಲ್ಲ. ಹ್ಯಾರಿಸನ್ ಅವರು ಲೇಕರ್ಸ್‌ನ ಜನರಲ್ ಮ್ಯಾನೇಜರ್ ರಾಬ್ ಪೆಲಿಂಕಾ ಒಬ್ಬರೊಡನೆಯೇ ಗುಟ್ಟಾಗಿ ಮಾತನಾಡಿದರು. ಉಳಿದ ತಂಡಗಳಿಗೆ ಲೂಕಾ ಸಿಗುತ್ತಾರೆಂಬ ಸುಳಿವೇ ಇರಲಿಲ್ಲ. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಅರಿಸಿನವನ್ನು ಹರಾಜಿಗೇ ಇಡದೆ ಒಬ್ಬನೇ ದಲ್ಲಾಳಿಗೆ ತೂಗಿಕೊಟ್ಟಂತೆ ಆಯಿತು. ಮುಂದೆ ಡೇವಿಸ್ ಗಾಯಗೊಳ್ಳದೆ ಆಡಿದ್ದರೂ ಆ ಟ್ರೇಡ್ ಕೆಟ್ಟದ್ದೇ ಆಗಿರುತ್ತಿತ್ತು, ಏಕೆಂದರೆ ಇನ್ನೆರಡು ಮೊದಲ ಸುತ್ತಿನ ಪಿಕ್‌ಗಳನ್ನಾದರೂ ಕೇಳಿ ಪಡೆಯುವ ಅವಕಾಶವನ್ನು ಅವರು ತಾವಾಗಿಯೇ ಕೈಬಿಟ್ಟಿದ್ದರು. ಈಗ ಅವರ ಜಾಗದಲ್ಲಿ ಮೈಕಲ್ ಫಿನ್ಲಿ ಮತ್ತು ಮ್ಯಾಟ್ ರಿಕಾರ್ಡಿ ತಾತ್ಕಾಲಿಕವಾಗಿ ಕುಳಿತಿದ್ದಾರೆ. ಫ್ಲಾಗ್‌ನ ಹತ್ತು ವರ್ಷಗಳ ದಿಕ್ಕನ್ನು ನಿರ್ಧರಿಸುವ ವ್ಯವಹಾರವನ್ನು ತಾತ್ಕಾಲಿಕ ಆಡಳಿತ ಏಳು ವಾರಗಳ ಗಡುವಿನೊಳಗೆ ಮುಗಿಸಬೇಕೆಂದು ಒತ್ತಾಯಿಸುವುದು ನನಗೆ ವಿವೇಕವೆನಿಸುವುದಿಲ್ಲ.

ಡ್ಯುರಾಂಟ್ ಅವರ ಉದಾಹರಣೆಗೆ ಎದುರಾಗಿ ಅದೇ ಜೂನ್ ತಿಂಗಳಿನ ಇನ್ನೊಂದು ಉದಾಹರಣೆ ಇದೆ. ಮೆಂಫಿಸ್ ತಂಡ ಡೆಸ್ಮಂಡ್ ಬೇನ್ ಅವರನ್ನು ಒರ್ಲಾಂಡೊಗೆ ಕೊಟ್ಟು ನಾಲ್ಕು ಮೊದಲ ಸುತ್ತಿನ ಪಿಕ್‌ಗಳನ್ನು ಪಡೆಯಿತು. ಒಮ್ಮೆಯೂ ಆಲ್-ಸ್ಟಾರ್ ಆಗದ ಆಟಗಾರನಿಗೆ ನಾಲ್ಕು! ಬೇಸಿಗೆಯಲ್ಲಿ ತಂಡಗಳಿಗೆ ತಮ್ಮ ಕೊರತೆ ಏನೆಂದು ಚೆನ್ನಾಗಿ ಗೊತ್ತಿರುತ್ತದೆ, ಸಂಬಳದ ಲೆಕ್ಕ ಸಡಿಲವಾಗಿರುತ್ತದೆ, ಹದಿನೈದು ಜನರ ಪಟ್ಟಿಯ ಇಕ್ಕಟ್ಟು ಇರುವುದಿಲ್ಲ.

ಇನ್ನು ಆಟದ ಮಾತು. ಋತುವಿನ ಆರಂಭದಲ್ಲಿ ಕೋಚ್ ಜೇಸನ್ ಕಿಡ್ ಅವರು ಫ್ಲಾಗ್‌ನನ್ನು ಪಾಯಿಂಟ್ ಗಾರ್ಡ್ ಆಗಿ, ಅಂದರೆ ಚೆಂಡನ್ನು ಮುಂದೆ ಒಯ್ದು ಆಟ ಕಟ್ಟುವವನಾಗಿ, ಆಡಿಸಿದರು. ಆ ಸ್ಥಾನದಲ್ಲಿ ಆಡಿದವನಾಗಿ ಹೇಳುತ್ತೇನೆ, ಹದಿನೆಂಟರ ಹುಡುಗನಿಗೆ ಅದು ಕ್ರೂರ ಪರೀಕ್ಷೆ. ಚೆಂಡನ್ನು ಅರ್ಧಗೆರೆ ದಾಟಿಸುವಷ್ಟರಲ್ಲೇ ಎದುರಾಳಿಯ ಚುರುಕು ಗಾರ್ಡ್ ಸೊಂಟಕ್ಕೆ ಅಂಟಿಕೊಂಡಿರುತ್ತಾನೆ, ಇಪ್ಪತ್ತನಾಲ್ಕು ಸೆಕೆಂಡುಗಳಲ್ಲಿ ಎಂಟು ಅಲ್ಲಿಯೇ ಕರಗುತ್ತವೆ. ಅಂಥ ಹೊತ್ತಿನಲ್ಲಿ ಫ್ರೀ ಥ್ರೋ ಗೆರೆಯ ಬಳಿ ಕೈಯೆತ್ತಿ ನಿಂತು ಚೆಂಡು ತೆಗೆದುಕೊಳ್ಳುವ ಡೇವಿಸ್ ಇದ್ದರೆ ಹುಡುಗನಿಗೆ ಉಸಿರು ಬರುತ್ತದೆ. ರಕ್ಷಣೆಯಲ್ಲಂತೂ ಹೇಳುವುದೇ ಬೇಡ. ಹಿಂದೆ ಡೇವಿಸ್ ಇದ್ದಾರೆಂಬ ಧೈರ್ಯದಲ್ಲಿ ಮುಂದಿನವರು ಚೆಂಡಿಗೆ ಕೈ ಹಾಕುತ್ತಾರೆ. ಡೇವಿಸ್ ಸೆಂಟರ್ ಸ್ಥಾನಕ್ಕಿಂತ ಪವರ್ ಫಾರ್ವರ್ಡ್ ಆಗಿ ಆಡಲು ಇಷ್ಟಪಡುವುದರಿಂದ ಅಂಗಳ ಇಕ್ಕಟ್ಟಾಗುತ್ತದೆ ಎಂಬ ಆಕ್ಷೇಪ ಮಾತ್ರ ನಿಜ.


ಲೆಕ್ಕದ ಪುಸ್ತಕ (ಸನಿವೇಲ್, ಕ್ಯಾಲಿಫೋರ್ನಿಯಾ), 19 ಡಿಸೆಂಬರ್ 2025

ಇಬ್ಬರೂ ಕೊಡುವ, ಇಟ್ಟುಕೊಳ್ಳುವ ಮಾತನಾಡುತ್ತಿದ್ದೀರಿ. ಕೊಡಲು ನಿಯಮ ಬಿಡಬೇಕಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಋತುವಿನ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಲೀಗ್ ಇಟ್ಟ ಮಿತಿ, 15.46 ಕೋಟಿ ಡಾಲರ್. ವಿನಾಯಿತಿಗಳ ಮೂಲಕ ತಂಡಗಳು ಇದನ್ನು ಮೀರಬಹುದು. ಅದರ ಮೇಲೆ ಐಷಾರಾಮಿ ತೆರಿಗೆಯ ಗೆರೆ 18.79 ಕೋಟಿ, ಮೊದಲ ಏಪ್ರನ್ 19.59 ಕೋಟಿ, ಎರಡನೆಯ ಏಪ್ರನ್ 20.78 ಕೋಟಿ. ಏಪ್ರನ್ ಎಂದರೆ ದಾಟಿದ ಕೂಡಲೇ ತಂಡದ ಕೈಕಾಲು ಕಟ್ಟುವ ಗೆರೆಗಳು. ಮೊದಲನೆಯದನ್ನು ದಾಟಿದ ತಂಡ ತಾನು ಕಳುಹಿಸುವುದಕ್ಕಿಂತ ಒಂದು ಡಾಲರ್ ಹೆಚ್ಚು ಸಂಬಳವನ್ನೂ ಟ್ರೇಡ್‌ನಲ್ಲಿ ತೆಗೆದುಕೊಳ್ಳುವಂತಿಲ್ಲ. ಎರಡನೆಯದನ್ನು ದಾಟಿದರೆ ಇಬ್ಬರು ಆಟಗಾರರ ಸಂಬಳವನ್ನು ಒಟ್ಟು ಸೇರಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವ ದಾರಿಯೂ ಮುಚ್ಚುತ್ತದೆ. ಡಲ್ಲಾಸ್ ಮೊದಲ ಏಪ್ರನ್‌ನ ಮೇಲಿದೆ. ಬೇಸಿಗೆಯಲ್ಲಿ ಡಿ'ಆಂಜಲೊ ರಸೆಲ್ ಅವರನ್ನು ತರಲು ತೆರಿಗೆ ಕಟ್ಟುವ ತಂಡಗಳಿಗೆಂದೇ ಇರುವ ಮಿಡ್-ಲೆವೆಲ್ ವಿನಾಯಿತಿಯನ್ನು ಬಳಸಿದ ಕಾರಣ ಎರಡನೆಯ ಏಪ್ರನ್ ಅದಕ್ಕೆ ಯಾವ ಕಾರಣಕ್ಕೂ ದಾಟಲಾಗದ ಗೋಡೆಯಾಗಿದೆ.

ಆದ್ದರಿಂದ ಡೇವಿಸ್ ಅವರ 5.4 ಕೋಟಿಗೆ ಪ್ರತಿಯಾಗಿ ಡಲ್ಲಾಸ್ ಅಷ್ಟು ಅಥವಾ ಅದಕ್ಕಿಂತ ಕಡಿಮೆ ಸಂಬಳವನ್ನು ಮಾತ್ರ ಪಡೆಯಬಹುದು. ಕೊಳ್ಳುವ ತಂಡ ಏಪ್ರನ್ ಮೇಲಿದ್ದರೆ ಅದು ಕನಿಷ್ಠ ಅಷ್ಟೇ ಕಳುಹಿಸಬೇಕು, ಅಂದರೆ ಎರಡೂ ಕಡೆಯ ಮೊತ್ತ ಡಾಲರಿಗೆ ಡಾಲರ್ ಹೊಂದಬೇಕಾಗುತ್ತದೆ. ಅದು ಪ್ರಾಯೋಗಿಕವಾಗಿ ಆಗದ ಮಾತು. ಕೆಳಗಿರುವ ತಂಡಕ್ಕೆ ಮಾತ್ರ ದೊಡ್ಡ ಸಂಬಳಗಳಲ್ಲಿ ಶೇಕಡಾ 125ರವರೆಗೆ ತೆಗೆದುಕೊಳ್ಳುವ ರಿಯಾಯಿತಿಯಿದೆ. ಅಟ್ಲಾಂಟಾ, ಟೊರಾಂಟೊ, ಡೆಟ್ರಾಯಿಟ್ ಹೆಸರುಗಳು ಕೇಳಿಬರುತ್ತಿರುವುದರ ಹಿಂದೆ ಆಟದ ಅಗತ್ಯದಷ್ಟೇ ಈ ಗಣಿತವೂ ಇದೆ. ಅಟ್ಲಾಂಟಾ ಬಳಿ ಈ ಋತುವಿಗೇ ಮುಗಿಯುವ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅವರ ಸುಮಾರು 3.07 ಕೋಟಿಯ ಕರಾರಿದೆ. ಅದಕ್ಕೆ ಒಂದೂಕಾಲು ಕೋಟಿಗಿಂತ ತುಸು ಮೇಲಿನ ಸಂಬಳವನ್ನು ಸೇರಿಸಿದರೆ ಲೆಕ್ಕ ಕೂಡುತ್ತದೆ. ಆ ಸೇರಿಸುವ ಆಟಗಾರ ಯಾರು ಎಂಬುದರಲ್ಲೇ ಎಲ್ಲ ಚೌಕಾಶಿ ಅಡಗಿದೆ: ಝಕಾರಿ ರಿಸಾಷೆ ಆದರೆ ಡಲ್ಲಾಸ್ ಒಪ್ಪೀತು, ಬರೀ ಮುಗಿಯುವ ಕರಾರುಗಳಾದರೆ ಪಿಕ್ ಕೇಳಬೇಕು. ನ್ಯೂ ಆರ್ಲಿಯನ್ಸ್ ಮತ್ತು ಮಿಲ್ವಾಕೀ ಪಿಕ್‌ಗಳಲ್ಲಿ ಮೇಲಿನದು 2026ರಲ್ಲಿ ಅಟ್ಲಾಂಟಾಗೆ ಬರಲಿದೆ. ಡೇವಿಸ್ ಅವರಿಗಾಗಿ ಅದನ್ನು ಕೊಡುತ್ತಾರೆಂದು ಆಸೆಪಡುವುದು ಬೇಡ.

ಪೊರ್ಜಿಂಗಿಸ್ ಹೆಸರು ಬಂದಾಗ ಒಂದು ಮಾತು ಹೇಳದಿರಲಾಗದು. 2019ರ ಜನವರಿ ಕೊನೆಯ ದಿನ ಅವರನ್ನು ನ್ಯೂಯಾರ್ಕ್‌ನಿಂದ ಡಲ್ಲಾಸ್ ತಂದಿತು. 2022ರ ಗಡುವಿನ ದಿನ ವಾಷಿಂಗ್ಟನ್‌ಗೆ ಕಳುಹಿಸಿ ಸ್ಪೆನ್ಸರ್ ಡಿನ್‌ವಿಡಿ ಮತ್ತು ಡೇವಿಸ್ ಬರ್ಟಾನ್ಸ್ ಅವರನ್ನು ಪಡೆಯಿತು. ಆಗ ಎಲ್ಲರೂ ನಕ್ಕರು, ಅದೇ ವರ್ಷ ತಂಡ ಪಶ್ಚಿಮ ವಿಭಾಗದ ಫೈನಲ್ ಆಡಿತು. 2023ರ ಫೆಬ್ರವರಿಯಲ್ಲಿ ಇರ್ವಿಂಗ್, 2024ರ ಫೆಬ್ರವರಿಯಲ್ಲಿ ಪಿ. ಜೆ. ವಾಷಿಂಗ್ಟನ್ ಮತ್ತು ಡೇನಿಯಲ್ ಗ್ಯಾಫರ್ಡ್, 2025ರಲ್ಲಿ ಆದದ್ದು ಗೊತ್ತೇ ಇದೆ. ಬೆಂಗಳೂರಿನವರು ಪಟ್ಟಿ ಮಾಡಿದ ಖಾಲಿ ಪಿಕ್‌ಗಳಲ್ಲಿ ಮೂರು ಈ ಫೆಬ್ರವರಿಗಳ ಬಳುವಳಿಯೇ, ಆದರೆ 2024ರ ಫೈನಲ್ ಕೂಡ ಅವುಗಳದ್ದೇ ಬಳುವಳಿ.

ಕೊನೆಯ ಗಳಿಗೆಯವರೆಗೆ ಕಾದು ಬೆಲೆ ಏರಿಸುವ ತಂತ್ರದಲ್ಲೂ ಅಪಾಯವಿದೆ. ಕಳೆದ ಗಡುವಿಗೆ ಮುನ್ನ ಲೇಕರ್ಸ್ ತಂಡ ಷಾರ್ಲಟ್‌ನಿಂದ ಸೆಂಟರ್ ಆಟಗಾರ ಮಾರ್ಕ್ ವಿಲಿಯಮ್ಸ್ ಅವರನ್ನು ತಂದಿತು. ಗಡುವು ಕಳೆದ ಮೇಲೆ, ಫೆಬ್ರವರಿ 8ರಂದು, ವೈದ್ಯಕೀಯ ಪರೀಕ್ಷೆಯ ಕಾರಣ ಕೊಟ್ಟು ಟ್ರೇಡ್ ರದ್ದಾಯಿತು. ಆಗ ಬೇರೆ ಸೆಂಟರ್‌ನನ್ನು ಟ್ರೇಡ್‌ನಲ್ಲಿ ತರುವ ಬಾಗಿಲು ಮುಚ್ಚಿತ್ತು; ಪ್ಲೇಆಫ್ ಮೊದಲ ಸುತ್ತಿನಲ್ಲಿ ಮಿನ್ನೆಸೋಟಾ ಎದುರು ಆ ಕೊರತೆ ಎದ್ದು ಕಂಡಿತು. ಡೇವಿಸ್ ಅವರಂಥ ಗಾಯಗಳ ಇತಿಹಾಸವಿರುವ ಆಟಗಾರನ ವಿಷಯದಲ್ಲಿ ವೈದ್ಯಕೀಯ ಪರೀಕ್ಷೆಯೂ ಒಂದು ಎದುರಾಳಿಯೇ.


ಕಬ್ಬನ್ ಪಾರ್ಕ್ ಗೇಟ್ 18 (ಬೆಂಗಳೂರು), 20 ಡಿಸೆಂಬರ್ 2025

ಚರ್ಚೆ ಪೂರ್ತಿ ತಂಡಗಳ ಲಾಭನಷ್ಟದ ಸುತ್ತ ತಿರುಗುತ್ತಿದೆ. ಆಟಗಾರನ ಇಚ್ಛೆಗೆ ಇಲ್ಲಿ ಸ್ಥಾನವಿಲ್ಲವೇ ಎಂಬ ಸಂದೇಹ ನನ್ನದು. ಕಳೆದ ತಿಂಗಳು ಐಪಿಎಲ್‌ನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೂ ರವೀಂದ್ರ ಜಡೇಜ, ಸ್ಯಾಮ್ ಕರನ್ ರಾಜಸ್ಥಾನಕ್ಕೂ ಹೋದಾಗ ಆಟಗಾರರ ಒಪ್ಪಿಗೆ ಬೇಕಿತ್ತು. ಎನ್‌ಬಿಎಯಲ್ಲಿ ಲೂಕಾ ಅವರಿಗೆ ಮುನ್ಸೂಚನೆಯೂ ಸಿಗಲಿಲ್ಲ. ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್‌ನ ಸೂಪರ್‌ಮ್ಯಾಕ್ಸ್ ಎಂಬ ಅತಿ ದೊಡ್ಡ ಕರಾರಿಗೆ ಡಲ್ಲಾಸ್‌ನಲ್ಲಿ ಅರ್ಹರಾಗಲಿದ್ದವರು, ತಂಡ ಬದಲಾದ ಒಂದೇ ಕಾರಣಕ್ಕೆ ಆ ಅರ್ಹತೆಯನ್ನೂ ಕಳೆದುಕೊಂಡರು. ವಿರಾಟ್ ಕೊಹ್ಲಿ ಅವರನ್ನು ಹೀಗೆ ಒಂದು ಶನಿವಾರ ರಾತ್ರಿ ಹೇಳದೆ ಕೇಳದೆ ಮುಂಬೈಗೆ ಕಳುಹಿಸಿದ್ದರೆ ಚಿನ್ನಸ್ವಾಮಿಯ ಮುಂದೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.


ಪ್ಲೇನೋ ಪ್ರೇಕ್ಷಕ, 20 ಡಿಸೆಂಬರ್ 2025

ಊಹಿಸಬೇಕಾಗಿಯೇ ಇಲ್ಲ, ಇಲ್ಲಿ ನಡೆದೇ ಹೋಯಿತು. ಸುದ್ದಿ ಬಂದ ಮರುದಿನ ಅಭಿಮಾನಿಗಳು ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಮುಂದೆ, ಡರ್ಕ್ ನೊವಿಟ್ಸ್ಕಿ ಪ್ರತಿಮೆಯ ಬಳಿ, ಶವಪೆಟ್ಟಿಗೆ ತಂದಿಟ್ಟರು. ಇಪ್ಪತ್ತೊಂದು ಋತುಗಳನ್ನು ಒಂದೇ ತಂಡಕ್ಕೆ ಆಡಿದ ಡರ್ಕ್ ಅವರನ್ನು ನೋಡಿ ಬೆಳೆದ ಊರಿಗೆ ಇಂಥದ್ದು ಅರಗುವುದಿಲ್ಲ. ಏಪ್ರಿಲ್ 9ರಂದು ಲೂಕಾ ಎದುರಾಳಿಯಾಗಿ ಬಂದು, ಪರದೆಯ ಮೇಲೆ ತಮ್ಮದೇ ಹಳೆಯ ದೃಶ್ಯಗಳನ್ನು ನೋಡಿ ಬೆಂಚಿನ ಮೇಲೆ ಕಣ್ಣೀರಿಟ್ಟು, ಆಮೇಲೆ 45 ಅಂಕ ಬಾರಿಸಿದರು. ಒಪ್ಪಿಗೆಯ ವಿಚಾರಕ್ಕೆ ಬಂದರೆ, ಎನ್‌ಬಿಎಯಲ್ಲಿ ಅದು ಕರಾರಿನಲ್ಲೇ ಬರೆಸಿಕೊಂಡ ಕೆಲವೇ ಕೆಲವರಿಗಷ್ಟೇ ಇದೆ, ಲೆಬ್ರಾನ್ ಜೇಮ್ಸ್ ಅವರಂತೆ. ಆದರೂ ಡೇವಿಸ್ ಅವರ ಇಚ್ಛೆ ಪೂರ್ತಿ ನಗಣ್ಯವಲ್ಲ: ಕರಾರು ವಿಸ್ತರಿಸಲು ಮನಸ್ಸಿಲ್ಲವೆಂದು ಅವರ ಕಡೆಯವರು ಒಂದು ತಂಡಕ್ಕೆ ಹೇಳಿದರೆ ಸಾಕು, ಆ ತಂಡದ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಮೈಸೂರಿನವರ ಮಾತು ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದೆ. ಆದರೆ ಅವರಿಗೊಂದು ಪ್ರಶ್ನೆ: ಮೊನ್ನೆ 15ರಂದು ಯೂಟಾ ವಿರುದ್ಧ ಫ್ಲಾಗ್ 42 ಅಂಕ ಗಳಿಸಿದ ಮೇಲೂ ಅವನಿಗೆ ಡೇವಿಸ್ ಅವರ ಆಸರೆ ಬೇಕೇಬೇಕೆಂದು ಹೇಳುವಿರಾ? ಹದಿನೆಂಟರ ವಯಸ್ಸಿನಲ್ಲಿ ಒಂದು ಪಂದ್ಯದಲ್ಲಿ ಅಷ್ಟು ಅಂಕ ಗಳಿಸಿದವರು ಈ ಲೀಗ್‌ನಲ್ಲಿ ಬೇರೆ ಯಾರೂ ಇಲ್ಲ.


ಹಳೆಯ ಪಾಯಿಂಟ್ ಗಾರ್ಡ್ (ಮೈಸೂರು), 20 ಡಿಸೆಂಬರ್ 2025

ಆ ಪಂದ್ಯವನ್ನು ತಂಡ ಸೋತಿತು ಎಂಬುದನ್ನೂ ಸೇರಿಸಿ ಓದಬೇಕು, ಪ್ಲೇನೋದವರೇ. ಆದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಡೇವಿಸ್ ಶಾಶ್ವತವಾಗಿ ಇರಲೆಂದು ನಾನೂ ಹೇಳುತ್ತಿಲ್ಲ. ಎರಡು ವರ್ಷಗಳ ಬಳಿಕ, ಸುಮಾರು 6.3 ಕೋಟಿ ಡಾಲರ್ ಸಂಬಳದ 34 ವರ್ಷದ ಆಟಗಾರನನ್ನು ಇಟ್ಟುಕೊಂಡಿರುವುದು ಯಾವ ತಂಡಕ್ಕೂ ಹಿತವಲ್ಲ. ಬೆಲೆ ಬಾರದಿದ್ದರೆ ಫೆಬ್ರವರಿ 5 ಎಂಬ ತಾರೀಖಿಗೆ ಹೆದರಿ ಕೊಡಬೇಡಿ ಎನ್ನುವುದಷ್ಟೇ ನನ್ನ ವಾದ.

ಟ್ರೇಡ್‌ಗಳ ತೀರ್ಪನ್ನು ಅವಸರದಲ್ಲಿ ಬರೆಯಬಾರದೆಂಬುದಕ್ಕೂ ನಿದರ್ಶನಗಳಿವೆ. 2008ರ ಫೆಬ್ರವರಿಯಲ್ಲಿ ಮೆಂಫಿಸ್ ತಂಡ ಪಾವ್ ಗಸೋಲ್ ಅವರನ್ನು ಲೇಕರ್ಸ್‌ಗೆ ಕೊಟ್ಟಾಗ ಅದು ಹಗಲು ದರೋಡೆ ಎಂದು ಎಲ್ಲರೂ ಬರೆದರು. ಆ ಗಂಟಿನಲ್ಲಿ ಯಾರೂ ಗಮನಿಸದೆ ಬಂದ ತಮ್ಮ ಮಾರ್ಕ್ ಗಸೋಲ್ ಐದು ವರ್ಷಗಳ ನಂತರ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು. ಆದ್ದರಿಂದ ಡಲ್ಲಾಸ್ ಕೇಳಬೇಕಾದ್ದು ದೊಡ್ಡ ಹೆಸರನ್ನಲ್ಲ, ಇಪ್ಪತ್ತೆರಡರ ಒಳಗಿನ ಒಬ್ಬ ಹುಡುಗನನ್ನು.


ಬೆಳಗಿನ ಏಳರ ಆಟ (ಬೆಂಗಳೂರು), 21 ಡಿಸೆಂಬರ್ 2025

ಬೇನ್ ಅವರ ಹೋಲಿಕೆಯನ್ನು ಮಾತ್ರ ಒಪ್ಪಲಾರೆ. ಒರ್ಲಾಂಡೊ ಕೊಂಡದ್ದು 27 ತುಂಬುತ್ತಿದ್ದ, ಮುಂದಿನ ನಾಲ್ಕು ವರ್ಷಗಳ ಕರಾರು ಕೈಯಲ್ಲಿದ್ದ ಆಟಗಾರನನ್ನು. ಡೇವಿಸ್ ಅವರಿಗೆ ಹತ್ತಿರದ ಹೋಲಿಕೆ ಜಿಮ್ಮಿ ಬಟ್ಲರ್. ಕಳೆದ ಗಡುವಿಗೆ ಒಂದು ದಿನ ಮೊದಲು, ಮಯಾಮಿ ತಂಡದೊಡನೆ ಜಗಳವಾಡಿ ಅಮಾನತಿನಲ್ಲಿದ್ದ 35 ವರ್ಷದ ಬಟ್ಲರ್ ಅವರನ್ನು ಗೋಲ್ಡನ್ ಸ್ಟೇಟ್ ತಂಡ ತಂದದ್ದು ಆಂಡ್ರೂ ವಿಗಿನ್ಸ್ ಮತ್ತು ಒಂದು ಮೊದಲ ಸುತ್ತಿನ ಪಿಕ್ ಮುಖ್ಯವಾಗಿದ್ದ ಬೆಲೆಗೆ. ಅವರು ಬಂದ ಮೇಲೆ ತಂಡ 31 ಪಂದ್ಯಗಳಲ್ಲಿ 23 ಗೆದ್ದಿತು, ಪ್ಲೇಆಫ್‌ನಲ್ಲಿ ಹ್ಯೂಸ್ಟನ್ ತಂಡವನ್ನು ಏಳು ಪಂದ್ಯಗಳಲ್ಲಿ ಸೋಲಿಸಿತು. ಆ ತಂಡದ ತಾರೆ ಸ್ಟೆಫ್ ಕರಿಯವರ ವಯಸ್ಸು ಓಡುತ್ತಿದೆಯೆಂಬ ಅವಸರ ಆ ಬೆಲೆಯನ್ನು ಕೊಡಿಸಿತು. ಅಂಥ ಅವಸರ ಕೊಳ್ಳುವವರಿಗೆ ಬರುವುದು ಫೆಬ್ರವರಿಯಲ್ಲೇ ಹೊರತು ಜುಲೈನಲ್ಲಲ್ಲ. ಜುಲೈನಲ್ಲಿ ಎಲ್ಲ ತಂಡಗಳೂ ತಾಳ್ಮೆಯಿಂದಿರುತ್ತವೆ.


ಪ್ಲೇನೋ ಪ್ರೇಕ್ಷಕ, 21 ಡಿಸೆಂಬರ್ 2025

ಎಲ್ಲರಿಗೂ ಧನ್ಯವಾದ. ಇಷ್ಟನ್ನೂ ಓದಿದ ಮೇಲೆ ನಾನು ಕೇಳುವ ಬೆಲೆ ಹೀಗಿದೆ: ಈ ಋತುವಿಗೇ ಮುಗಿಯುವ ಕರಾರುಗಳು, ಮೈಸೂರಿನವರು ಹೇಳಿದಂತೆ ಫ್ಲಾಗ್‌ನ ವಯಸ್ಸಿಗೆ ಹೊಂದುವ ಒಬ್ಬ ಆಟಗಾರ, ಜೊತೆಗೆ 2027ರಿಂದ 2030ರ ನಡುವೆ ಬರುವ ಯಾವುದಾದರೂ ಒಂದು ಮೊದಲ ಸುತ್ತಿನ ಪಿಕ್. ಆ ನಾಲ್ಕು ವರ್ಷಗಳಲ್ಲಿ ನಮ್ಮ ಕೈಗೆ ಖಂಡಿತವಾಗಿ ಬರುವ ಹೊರಗಿನ ದೊಡ್ಡ ಪಿಕ್ ಎಂದರೆ ಲೇಕರ್ಸ್‌ನ 2029ರದೊಂದೇ. ಮೂರರಲ್ಲಿ ಎರಡು ಸಿಕ್ಕರೂ ಗಡುವಿನೊಳಗೆ ಕೊಟ್ಟುಬಿಡಲಿ. ಬರೀ ಮುಗಿಯುವ ಕರಾರುಗಳಷ್ಟೇ ಎದುರಿಗೆ ಬಂದರೆ ಬೇಡ. ಗಡುವು ಮುಗಿಯುವುದು ಇಲ್ಲಿ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಭಾರತದಲ್ಲಿರುವ ನಿಮಗೆ ಆಗ ರಾತ್ರಿ ಒಂದೂವರೆ. ಲೆಕ್ಕದ ಪುಸ್ತಕದವರು ಅಂದು ಬಂದ ಸುದ್ದಿ ಏಪ್ರನ್ ನಿಯಮಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಇಲ್ಲಿಯೇ ಬರೆಯಬೇಕೆಂದು ಕೋರಿಕೆ.